ಹಾಲಿಗೆ ಸಾಕ್ಷಿ

ಚಿಕ್ಕ ದೊರೆ ರೆಮಿ ನಮ್ಮ ಅಂಗಳಕ್ಕೆ ಕಾಲಿಟ್ಟಾಗಲೆಲ್ಲ ನಾನು ಹಿಟ್ಟಿನ ಕೈಯಲ್ಲೇ ಎದ್ದು ಒಳಗೆ ಹೋಗಬೇಕಿತ್ತು. ನಾದಿನಿ ಬದ್ರಾ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ, ಜಾರಿದ ತಲೆವಸ್ತ್ರವನ್ನೂ ಎಳೆದುಕೊಳ್ಳುತ್ತಿರಲಿಲ್ಲ. ನನಗೆ ಅವನು ಹೊರಗಿನ ಗಂಡಸು. ಅವಳಿಗೆ ತಮ್ಮ.

ದೊಡ್ಡ ಯುದ್ಧ ಮುಗಿದು ಗಂಡಸರು ಮರಳಿ ಬಂದ ವರ್ಷ ದೊರೆಸಾನಿ ರೆಮಿಯನ್ನು ಹೆತ್ತಳು. ಬಾಣಂತಿಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಆಗ ನನ್ನ ಅತ್ತೆ ದಹ್ಬಿಯಾ ಅವರ ತೊಡೆಯ ಮೇಲೆ ಬದ್ರಾ ಎರಡು ತಿಂಗಳ ಕೂಸು. ದೊಡ್ಡ ದೊರೆ ಗಾಡಿ ಕಳಿಸಿದ. ರೆಮಿ ಹೆಜ್ಜೆ ಇಡುವವರೆಗೆ ಅತ್ತೆ ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅವನಿಗೆ ಹಾಲು ಕುಡಿಸಿದರು. ಪ್ರತಿ ಸಲ ಕುಡಿಸುವ ಮೊದಲು ವಿನೆಗರ್ ಬೆರೆಸಿದ ನೀರಿನಲ್ಲಿ ಎದೆ ತೊಳೆದುಕೊಳ್ಳಬೇಕಿತ್ತಂತೆ. ಮನೆಯಲ್ಲಿ ಬದ್ರಾ ಆಡಿನ ಹಾಲು ಕುಡಿದು ಬೆಳೆದಳು. ನಮ್ಮಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರಿಗೆ ಸಮ. ಅವರೊಳಗೆ ಮದುವೆ ನಡೆಯದು, ಅವರೆದುರು ಹೆಣ್ಣು ಮುಖ ಮರೆಸಿಕೊಳ್ಳುವುದೂ ಇಲ್ಲ.

ಬದ್ರಾಳ ಮದುವೆ ಗೊತ್ತಾದ ವರ್ಷದ ವಸಂತದಲ್ಲಿ ದೊಡ್ಡ ದೊರೆ ತೀರಿಕೊಂಡ. ಅಲ್ಜೀರ್ಸಿನಲ್ಲಿ ಓದುತ್ತಿದ್ದ ರೆಮಿ ಬಂದು ದ್ರಾಕ್ಷಿ ತೋಟಕ್ಕೆ ಯಜಮಾನನಾದ. ಅಂದಿನಿಂದ ಕುದುರೆ ಹತ್ತಿ ತೋಟ ಸುತ್ತುವವನು ದಾರಿ ತಪ್ಪಿದವನ ಹಾಗೆ ನಮ್ಮ ಬಾವಿಕಟ್ಟೆಗೆ ಬಂದು ಕೂರತೊಡಗಿದ.

"ಬಿಸಿ ರೊಟ್ಟಿ ಇದೆಯಾ?" ಎಂದು ಕೇಳುತ್ತಿದ್ದ. ಆಳುಗಳ ಮಕ್ಕಳ ಜೊತೆ ಆಡಿ ಕಲಿತ ನಮ್ಮ ಮಾತು ಅವನ ಬಾಯಲ್ಲಿ ಇನ್ನೂ ಉಳಿದಿತ್ತು.

ಅತ್ತೆ ರೊಟ್ಟಿ ಮುರಿದು ಆಲಿವ್ ಎಣ್ಣೆ ಸುರಿದು ಕೊಡುವರು. "ತಿನ್ನು ಮಗಾ. ನಿಮ್ಮನೇಲಿ ಬೆಣ್ಣೆ ಹಚ್ಚಿ ಹಚ್ಚಿ ನಿನ್ ನಾಲಿಗೆ ಕೆಡಿಸವ್ರೆ."

ಬದ್ರಾ ಮಜ್ಜಿಗೆ ಬಟ್ಟಲು ಮುಂದಿಟ್ಟು, "ಪೂರ್ತಿ ಕುಡೀಬೇಡ, ನಂಗೂ ಉಳಿಸು. ಹುಟ್ಟಿದಾಗಿಂದ ನನ್ ಪಾಲು ಕುಡಿದವ್ನು ನೀನು," ಎನ್ನುವಳು.

ಅವನು ನಗುವನು. ಮಾತು ತಿಳಿದು ನಗುತ್ತಾನೋ ತಿಳಿಯದೆ ನಗುತ್ತಾನೋ ಎಂದು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಗೊತ್ತಾಗುತ್ತಿರಲಿಲ್ಲ.

ಸಂಜೆ ನನ್ನ ಗಂಡ ಮಿಲೂದ್ ಕಿತ್ತಳೆ ಗಿಡಗಳಿಗೆ ನೀರು ಕಟ್ಟಿ ಬಂದ. ಬಾವಿಯ ಬಳಿ ಕುದುರೆಯ ಲದ್ದಿ ಕಂಡು ಅಲ್ಲೇ ನಿಂತ.

"ಇವತ್ತೂ ಬಂದಿದ್ನಾ?"

"ರೊಟ್ಟಿ ತಿಂದು ಹೋದ," ಅಂದರು ಅತ್ತೆ.

"ದೊಡ್ಡ ಮನೇಲಿ ಬ್ರೆಡ್ಡಿಗೆ ಬರ ಬಂತಾ?"

"ನಿನ್ ಹೊಟ್ಟೆ ಯಾಕೋ ಉರೀತದೆ? ಮಗ ಬರ್ತಾನೆ, ತಿಂತಾನೆ, ಹೋಗ್ತಾನೆ."

"ಅಮ್ಮ, ಅವ್ನು ನಿನ್ ಮಗ ಅಂತ ನಿಂಗೊಬ್ಳಿಗೆ ಗೊತ್ತು. ಅವ್ನಿಗೆ ಗೊತ್ತಾ?"

ಅತ್ತೆ ಒಲೆಯ ಬೂದಿ ಕೆದಕಿದರು. ಮಾವ ಲಾರ್ಬಿ ಚಾಪೆಯ ಮೇಲೆ ಕಾಲು ಚಾಚಿಕೊಂಡು, "ಅವ್ನ ಕಣ್ಣು ಹುಡುಗಿ ಮೇಲಲ್ಲ ಕಣೋ, ಮರದ ಮೇಲೆ," ಅಂದರು. "ಮೊನ್ನೆ ಅಂಜೂರದ ಬುಡದಿಂದ ಬುಡಕ್ಕೆ ಹೆಜ್ಜೆ ಹಾಕಿ ಅಳೀತಿದ್ದ. ಇಲ್ಲೂ ಬಳ್ಳಿ ನೆಡೋ ಯೋಚ್ನೆ."

"ಎರಡರ ಮೇಲೂ ಇರ್ಬೋದು," ಅಂದ ಮಿಲೂದ್.

ನಮ್ಮ ಗುಡಿಸಲ ಸುತ್ತ ಇದ್ದ ಅಂಜೂರದ ಮರಗಳನ್ನು ನೆಟ್ಟವರು ಮಾವನ ಅಪ್ಪ. ಆಗ ಆ ನೆಲ ಅವರದೇ. ಆಮೇಲೆ ಸರ್ಕಾರದವರು ಬಂದು ಅಳೆದು, ನಿಮ್ಮ ಹತ್ತಿರ ಕಾಗದವಿಲ್ಲ ಎಂದು ಹೇಳಿ, ಕಡಲಾಚೆಯ ಫ್ರಾನ್ಸಿನಿಂದ ಬಂದವರಿಗೆ ಹಂಚಿದರು. ದೊಡ್ಡ ದೊರೆಯ ಅಪ್ಪ ನಮ್ಮವರನ್ನು ಎಬ್ಬಿಸಲಿಲ್ಲ, ಅವನಿಗೆ ಆಳು ಬೇಕಿತ್ತು. ಹಾಗೇ ಉಳಿದೆವು. ಸುಗ್ಗಿಯಲ್ಲಿ ಒಂದೇ ಸಾಲಿನಲ್ಲಿ ಬಾಗಿ ದ್ರಾಕ್ಷಿ ಕೊಯ್ದರೂ ಸ್ಪೇನಿನಿಂದ ಬಂದ ಕೂಲಿಗೆ ಒಂದು ದರ, ನಮ್ಮವರಿಗೆ ಅದರ ಅರ್ಧ. ಮಧ್ಯಾಹ್ನ ಅವರಿಗೆ ಚಪ್ಪರದ ನೆರಳು, ನಮ್ಮವರಿಗೆ ಗಾಡಿಯ ನೆರಳು. ಇದನ್ನು ಯಾರೂ ಕೂಗಿ ಹೇಳುತ್ತಿರಲಿಲ್ಲ. ಎಲ್ಲಿ ಕೂರಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಅಂಜೂರ ಹಣ್ಣಾಗುವ ಹೊತ್ತಿಗೆ ರೆಮಿ ಒಂದು ಸೋಪು ತಂದ. ಗುಲಾಬಿ ಬಣ್ಣದ್ದು, ನುಣ್ಣನೆಯ ಕಾಗದದಲ್ಲಿ ಸುತ್ತಿದ್ದು. ಅದನ್ನು ಅತ್ತೆಗೆ ಕೊಡಲಿಲ್ಲ, ಬದ್ರಾಳ ಕೈಗೆ ಕೊಟ್ಟ.

"ಇವಳನ್ನ ದೊಡ್ಡ ಮನೆ ಕೆಲಸಕ್ಕೆ ಕಳಿಸು," ಎಂದು ಅತ್ತೆಗೆ ಹೇಳಿದ. "ಅಲ್ಲೇ ಇರಲಿ. ಮಲಗೋಕೆ ಕೋಣೆ ಇದೆ."

"ಮದ್ವೆ ಹತ್ರ ಬಂತಲ್ಲ ಮಗಾ. ಸುಗ್ಗಿ ಮುಗಿದ್ಮೇಲೆ ತಯ್ಯಬ್ ಬಂದು ಕರ್ಕೊಂಡು ಹೋಗ್ತಾನೆ. ನೀನೇ ಮುಂದೆ ನಿಂತು ಕಳಿಸ್ಬೇಕು."

"ನಾನಾ? ನಾನ್ಯಾಕೆ?"

ಅವನು ತಮಾಷೆ ಮಾಡುತ್ತಿದ್ದಾನೆಂದು ಅತ್ತೆ ನಕ್ಕರು. ಬಾಗಿಲ ಸಂದಿಯಲ್ಲಿ ನನಗೆ ಅವನ ಮುಖ ಕಾಣುತ್ತಿತ್ತು. ಅದರಲ್ಲಿ ತಮಾಷೆ ಇರಲಿಲ್ಲ.

ಅಂದು ರಾತ್ರಿಯ ಊಟಕ್ಕೆ ಮೊದಲೇ ನಾನು ಗಂಡನಿಗೆ ಹೇಳಿಬಿಟ್ಟಿದ್ದೆ. ಅವನು ಕೈ ತೊಳೆಯದೆ ಬದ್ರಾಳ ಎದುರು ನಿಂತ.

"ಎಸಿ ಅದನ್ನ."

"ಸೋಪು ಏನ್ ಮಾಡ್ತಣ್ಣ ನಿಂಗೆ?"

"ಯಾವ್ ತಮ್ಮ ಅಕ್ಕನಿಗೆ ವಾಸನೆ ಸೋಪು ತರ್ತಾನೆ?"

"ಅಣ್ಣನಾದವ್ನು ಒಂದು ಪಿನ್ನೂ ತರಲ್ಲ. ತಂದವ್ನ ಮೇಲೆ ಸಿಟ್ಟು ಬೇರೆ."

"ಅಲ್ಲೇ ಮಲಗ್ಲಿ ಅಂದ್ನಂತೆ. ಕೇಳಿಸ್ಲಿಲ್ವಾ ಅಮ್ಮ ನಿಂಗೆ?"

"ಯಾರಂದ್ರು?" ಎಂದು ಅತ್ತೆ ನನ್ನ ಕಡೆ ತಿರುಗಿದರು. ನಾನು ರವೆ ಹಬೆಯಾಡುತ್ತಿದ್ದ ಪಾತ್ರೆಯ ಮುಚ್ಚಳ ತೆಗೆದು ಅದರೊಳಗೆ ನೋಡಿದೆ. "ಬಾಗಿಲ ಹಿಂದೆ ಕಿವಿ ಬೆಳೆಸ್ಕೊಂಡವ್ಳೆ ನನ್ ಸೊಸೆ," ಅಂದರು. ಆದರೆ ಅವರ ದನಿಯಲ್ಲಿ ಜೋರಿರಲಿಲ್ಲ.

ಮರುದಿನ ಆ ಸೋಪಿನಲ್ಲಿ ನನ್ನ ಮಗುವಿನ ಬಟ್ಟೆಯನ್ನೆಲ್ಲ ಒಗೆದು ಹಾಕಿದರು. "ಜಗಳಾನೇ ಬೇಡ. ಕೂಸಿನ ತಿಕ ಘಮಘಮ ಅನ್ಲಿ."

ಅದೇ ಬಟ್ಟೆಗಳು ತಂತಿಯ ಮೇಲೆ ಒಣಗುತ್ತಿದ್ದಾಗ ಹುಡುಗನ ತಾಯಿ ಖೈರಾ ಬಂದಳು. ಹಳ್ಳದಾಚೆಯ ಹಳ್ಳಿಯವಳು. ಅವಳ ಮಗ ತಯ್ಯಬ್ ಗಾಡಿ ಚಕ್ರ ಮಾಡುವವನು. ಮದುವೆಗೆ ಮುಂಚೆ ಬೀಗರು ಗೋರಂಟಿಯ ಗಂಟು ತಂದು ಹುಡುಗಿಯ ಮಡಿಲಿಗೆ ಹಾಕಬೇಕು, ಅದಕ್ಕೆ ಬಂದಿದ್ದಳು. ಕೂತವಳು ಮೂಗು ಅರಳಿಸಿದಳು.

"ಬೀಗಿತ್ತಿ, ಏನು ಪರಿಮಳ? ಮದುವಣಗಿತ್ತಿ ಬಟ್ಟೆಯಾ?"

"ಮೊಮ್ಮಗನ ಲಂಗೋಟಿ," ಅಂದರು ಅತ್ತೆ.

"ಪುಣ್ಯವಂತ. ನಾವು ಈ ಸೋಪನ್ನ ಅಂಗಡಿ ಗಾಜಿನಾಚೆಯಿಂದ ನೋಡಿದ್ದಷ್ಟೇ." ಖೈರಾ ಗೋರಂಟಿಯ ಗಂಟನ್ನು ಹೊರಗೆ ತೆಗೆಯಲಿಲ್ಲ. ಕಾಫಿ ಕುಡಿದಳು, ಅಂಜೂರ ತಿಂದಳು. ಆಮೇಲೆ ಬಾಯಿಬಿಟ್ಟಳು. "ತೋಟದ ಮೇಸ್ತ್ರಿ ಪಾಕೊ ಇದಾನಲ್ಲ, ಅವ್ನ ಹೆಂಡ್ತಿ ಅಂಗಡೀಲಿ ಎಲ್ರ ಮುಂದೆ ಅಂದ್ಳು. ನಿಮ್ಮ ಹುಡುಗಿ ಬರೀ ತಲೇಲಿ ಕೂತು ಚಿಕ್ಕ ದೊರೆಗೆ ಮಜ್ಜಿಗೆ ಕೊಡ್ತಾಳಂತೆ."

"ಕೊಡ್ತಾಳೆ. ತಮ್ಮನಿಗೆ ಕೊಟ್ರೆ ತಪ್ಪೇನು?"

"ಪರಂಗಿ ತಮ್ಮ?"

"ನನ್ನೆದೆ ಕಚ್ಚಿ ಬೆಳೆದವ್ನು."

"ನಾನು ನಂಬ್ತೀನಿ ದಹ್ಬಿಯಾ. ನಾನೊಬ್ಳು ನಂಬಿದ್ರೆ ಆಯ್ತಾ? ನಮ್ಮನೇಲಿ ಮೈದುನಂದಿರವ್ರೆ, ಅವ್ರ ಹೆಂಡ್ತೀರವ್ರೆ. ಮಸೀದಿ ಮೌಲ್ವಿನ ಕೇಳಿಸ್ದೆ. ಕೊಟ್ಟವಳ ಮಾತೊಂದೇ ಸಾಲ್ದು, ಕಂಡವಳು ಇನ್ನೊಬ್ಳು ಹೇಳ್ಬೇಕು ಅಂದ್ರು."

"ಸೂಲಗಿತ್ತಿ ಕಂಡಿದ್ಲು. ಮಣ್ಣು ಸೇರಿದ್ಲು."

"ಹೆತ್ತ ದೊರೆಸಾನಿ ಬದುಕಿದಾಳಲ್ಲ."

ಬದ್ರಾ ಒಳಗಿನಿಂದ ಬಂದು ಖಾಲಿ ಲೋಟ ಎತ್ತಿಕೊಂಡಳು. ಖೈರಾ ಅವಳ ಮುಖವನ್ನು ದಿಟ್ಟಿಸಿ ನೋಡಿದಳು, ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುವ ಹಾಗೆ. "ಹುಡುಗಿ ಮೇಲೆ ನಂಗೇನೂ ಇಲ್ಲ. ಆದ್ರೆ ಗೋರಂಟಿ ಇನ್ನೊಂದಿಷ್ಟು ದಿನ ನನ್ ಹತ್ರಾನೇ ಇರ್ಲಿ," ಎಂದು ಬಿಳಿ ಹೊದಿಕೆ ಸುತ್ತಿಕೊಂಡು ಎದ್ದಳು.

ಅತ್ತೆ ತಡಮಾಡಲಿಲ್ಲ. ಮರುದಿನ ಬೆಳಿಗ್ಗೆ ಮರದಲ್ಲೇ ಬಿರಿದ ಹಣ್ಣುಗಳನ್ನು ಆರಿಸಿ, ಬುಟ್ಟಿಗೆ ಎಲೆ ಹಾಸಿ ತುಂಬಿದರು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನೂ ಹೋದೆ. ದೊಡ್ಡ ಮನೆಯ ಹಿಂಬಾಗಿಲಲ್ಲಿ ನಿಂತೆವು. ಒಳಗಿನ ಜಗಲಿಯಲ್ಲಿ ದೊರೆಸಾನಿ ಇಬ್ಬರು ಗೆಳತಿಯರ ಜೊತೆ ಕಾಫಿ ಕುಡಿಯುತ್ತಿದ್ದಳು. ನಾಯಿಯ ತಟ್ಟೆಯಲ್ಲಿ ನಾವು ಹಬ್ಬದಲ್ಲಿ ಮಾತ್ರ ಕಾಣುವಷ್ಟು ಮಾಂಸ ಉಳಿದಿತ್ತು.

ದೊರೆಸಾನಿಗೆ ನಮ್ಮ ಮಾತು ಬರುತ್ತಿತ್ತು, ಅಪ್ಪಣೆ ಕೊಡುವಷ್ಟು.

"ಏನು ಫಾತ್ಮಾ, ಹಣ್ಣಾ? ಅಲ್ಲಿಡು."

ಮನೆಗೆ ಬರುವ ನಮ್ಮ ಹೆಂಗಸರನ್ನೆಲ್ಲ ಆಕೆ ಫಾತ್ಮಾ ಎಂದೇ ಕರೆಯುತ್ತಿದ್ದಳು.

"ಒಂದು ಮಾತು ಬೇಕಿತ್ತು ಅಮ್ಮಾವ್ರೇ," ಅಂದರು ಅತ್ತೆ. "ನಿಮಗೇನೂ ಖರ್ಚಿಲ್ಲ. ನಮ್ಮ ಬೀಗಿತ್ತಿ ಬರ್ತಾಳೆ. ಅವಳ ಮುಂದೆ, ಹೌದು, ಇವಳು ನನ್ ಮಗನಿಗೆ ಹಾಲು ಕೊಟ್ಲು ಅನ್ನಿ. ಅಷ್ಟೇ."

ಜಗಲಿಯಲ್ಲಿ ಚಮಚದ ಸದ್ದು ನಿಂತಿತು.

"ಯಾರು ಯಾರಿಗೆ ಕೊಟ್ಟಿದ್ದು?"

"ನಾನು. ರೆಮಿಗೆ."

"ನನ್ನ ಮಗ ಡಬ್ಬಿ ಹಾಲು ಕುಡಿದು ಬೆಳೆದ. ಹಡಗಿನಲ್ಲಿ ಬರ್ತಿತ್ತು."

"ಡಬ್ಬಿ ಬಂದಿದ್ದು ನಿಜ. ಕುಡಿದಿದ್ದೆಲ್ಲ ಕಕ್ತಿದ್ದ. ನೀವು ಅಳ್ತಾ ಮಲಗಿದ್ರಿ. ನೆನಪು ಮಾಡ್ಕೊಳಿ."

ಗೆಳತಿಯರಲ್ಲೊಬ್ಬಳು ಏನೋ ಕೇಳಿದಳು, ಇನ್ನೊಬ್ಬಳು ಕರವಸ್ತ್ರ ಬಾಯಿಗೆ ಹಿಡಿದಳು. ದೊರೆಸಾನಿಯ ಕುತ್ತಿಗೆಯಿಂದ ಕೆಂಪು ಮೇಲೇರಿತು.

"ನೀನು ಬಟ್ಟೆ ಒಗೀತಿದ್ದೆ. ಒಗೆದಿದ್ದಕ್ಕೆ ಕೂಲಿ ತಗೊಂಡೆ. ಈ ಮಾತು ಇನ್ನೊಂದು ಸಲ ಬಾಯಲ್ಲಿ ಬಂದರೆ ನನ್ನ ನೆಲದ ಮೇಲೆ ನೀನಿರಲ್ಲ. ಹೋಗು."

ಅತ್ತೆ ಹೋಗಲಿಲ್ಲ. "ಹಣ್ಣು ಸುರ್ಕೊಳಿ. ಬುಟ್ಟಿ ಬೇಕು," ಅಂದರು. ಅಡುಗೆಯವಳು ಸುರಿದುಕೊಂಡು ಬುಟ್ಟಿ ಮರಳಿಸುವ ತನಕ ನಿಂತೇ ಇದ್ದರು. ನಮ್ಮ ಬಾವಿ ಕಾಣುವಾಗ, "ವಿನೆಗರ್ ನೀರಿನ ಬೋಗುಣಿ ತಂದು ಮುಂದೆ ಇಡ್ತಿದ್ದೋಳು ಅವಳೇ ಕಣೇ ಯಮೀನಾ. ತನ್ನ ಕೈಯಾರೆ," ಅಂದರು.

ಅದೇ ವಾರ ರೆಮಿ ಬಂದ. ಕುದುರೆಯಿಂದ ಇಳಿಯಲಿಲ್ಲ. ನಾನು ಒಳಗೆ ಸೇರಿಕೊಂಡೆ. ಮಿಲೂದ್ ಗುದ್ದಲಿಯನ್ನು ಗೋಡೆಗೆ ಒರಗಿಸದೆ ಕೈಯಲ್ಲೇ ಹಿಡಿದು ನಿಂತ.

"ಅಮ್ಮನ ಗೆಳತಿಯರ ಮುಂದೆ ಏನಂದೆ ನೀನು?"

"ಇದ್ದಿದ್ದು," ಅಂದರು ಅತ್ತೆ.

"ಊರೆಲ್ಲ ಆಡ್ಕೊಂಡು ನಗ್ತಿದೆ. ಕ್ಲಬ್ಬಿನಲ್ಲಿ ಒಬ್ಬ ನನ್ನ ಅಹ್ಮದ್ ಅಂತ ಕರೆದ."

"ಅಷ್ಟಕ್ಕೇ ನೊಂದ್ಕೊಂಡ್ಯಾ? ನನ್ನ ಇಪ್ಪತ್ತು ವರ್ಷದಿಂದ ಫಾತ್ಮಾ ಅಂತಾರೆ."

"ಹಾಲು ಕುಡಿದ ಮಾತ್ರಕ್ಕೆ ಮಗ ಆಗೋದಾದ್ರೆ ಆಡಿನ ಹಾಲೂ ಕುಡಿದಿದ್ದೀನಿ ನಾನು."

ಬದ್ರಾ ಬಾವಿಯಿಂದ ಕೊಡ ಎಳೆಯುತ್ತಿದ್ದಳು. ಹಗ್ಗ ಬಿಡದೆಯೇ, "ಆಡಿನ ಹಾಲು ಕುಡಿದಿದ್ದು ನಾನು. ನೀನು ಕುಡಿದಿದ್ದು ನನ್ನದು," ಅಂದಳು.

ಅವನು ಅವಳ ಕಡೆ ನೋಡಿದ. ಅಷ್ಟು ದಿನ ನೋಡಿದ ಹಾಗಲ್ಲ. ಕುದುರೆಯ ಕತ್ತನ್ನು ಸವರುತ್ತ, ಅತ್ತೆಯ ಮುಖ ಬಿಟ್ಟು ನೆಲಕ್ಕೆ ಹೇಳುವವನಂತೆ ಹೇಳಿದ. "ಭಾನುವಾರ ಅಂಗಡಿ ಮುಂದೆ ಬಾ. ಎಲ್ಲರೆದುರು, ಸುಳ್ಳು ಹೇಳಿದೆ ಅನ್ನು. ಗುಡಿಸಲೂ ಇರುತ್ತೆ, ಮರಾನೂ ಇರುತ್ತೆ. ಬರದಿದ್ರೆ, ಸುಗ್ಗಿ ಮುಗಿದ ಮೇಲೆ ಇಲ್ಲಿ ಬಳ್ಳಿ ನೆಡ್ತೀವಿ."

"ಮಗಾ, ನಿಂಗೆ ನಿಜ ಬೇಕಾ, ನಿಮ್ಮಮ್ಮನ ಮಾತು ಬೇಕಾ?"

"ಭಾನುವಾರ," ಎಂದ ಅವನು, ಕುದುರೆ ತಿರುಗಿಸಿದ.

ಅಂದು ಸಂಜೆ ಕುಂಬಳಕಾಯಿ ಹಾಕಿದ ಸಾರಿನ ಸುತ್ತ ಕೂತೆವು.

"ಯಾಕೆ ಹೋದೆ ನೀನು ಆ ಮನೆಗೆ?" ಮಾವ ಚಮಚವನ್ನು ತಟ್ಟೆಗೆ ಕುಟ್ಟಿದರು. "ನಮ್ಮಪ್ಪ ನೆಟ್ಟ ಮರ. ಸರ್ಕಾರ ಬಂದಾಗ ಉಳೀತು, ಮಿಡತೆ ಬಂದಾಗ ಉಳೀತು. ನಿನ್ ನಾಲಿಗೆಗೆ ಉಳೀಲಿಲ್ಲ."

"ಹೇಳ್ಬಿಡಮ್ಮ," ಅಂದ ಮಿಲೂದ್. "ಅವ್ನು ನಿನ್ ಮಗ ಅಲ್ಲ ಅಂತ ನಾನು ಮೊದ್ಲಿಂದ ಹೇಳ್ತಾನೇ ಇದೀನಿ. ಭಾನುವಾರ ನೀನೂ ಅದನ್ನೇ ಹೇಳು. ನಾಲ್ಕು ಮಾತು."

"ಆಮೇಲೆ?"

"ಆಮೇಲೆ ಏನು, ಮನೆ ಉಳೀತದೆ."

"ಆಮೇಲೆ ನಿನ್ ತಂಗಿ ಯಾವನೋ ಪರಂಗಿ ಮುಂದೆ ಬೇಸಿಗೆಯೆಲ್ಲ ಬರೀ ತಲೇಲಿ ಕೂತಿದ್ದೋಳು ಆಗ್ತಾಳೆ. ತಾಯಿಯಾಗಿ ನಾನೇ ಕೂರಿಸ್ದೋಳು ಆಗ್ತೀನಿ. ಖೈರಾ ಗೋರಂಟಿ ತರ್ತಾಳಾ? ಅವಳು ಬಿಡು, ಬೇರೆ ಯಾರು ತರ್ತಾರೆ?"

ಮಿಲೂದ್ ಬದ್ರಾಳನ್ನು ನೋಡಿದ. ಅವಳು ತನ್ನ ಪಾಲಿನ ಕುಂಬಳದ ಹೋಳನ್ನು ನನ್ನ ಮಗುವಿಗೆ ತಿನ್ನಿಸುತ್ತಿದ್ದಳು, ಮಗು ಬಾಯಿ ತೆರೆದಾಗ ತಾನೂ ಬಾಯಿ ತೆರೆಯುತ್ತ.

"ಮರ ಬೇಕಾದ್ರೆ ಕಡ್ಡಿ ನೆಟ್ರೆ ಬರ್ತದೆ," ಅಂದರು ಅತ್ತೆ. "ಮಾನ ಹೋದ್ರೆ ಏನ್ ನೆಡ್ತೀರ?"

"ಕಡ್ಡಿ ನೆಡೋಕೆ ಚಳಿಗಾಲ ಬರ್ಬೇಕು," ಅಂದರು ಮಾವ. "ಅಲ್ಲೀತನ್ಕ ನಾವೆಲ್ಲಿರ್ತೀವಿ?" ಆದರೂ ಅವರ ದನಿ ಇಳಿದಿತ್ತು. ಸಾರಿನ ಪಾತ್ರೆಯನ್ನು ಅತ್ತೆಯ ಕಡೆಗೆ ದೂಡಿದರು. "ತಿನ್ನು. ತಣ್ಣಗಾಗ್ತದೆ."

ಭಾನುವಾರ ಅತ್ತೆ ಮನೆಯಲ್ಲೇ ಇದ್ದು ರೊಟ್ಟಿ ಸುಟ್ಟರು. ಸೋಮವಾರ ಪಾಕೊ ಆಳುಗಳನ್ನು ಕರೆದುಕೊಂಡು ಬಂದ. ತುದಿಗೆ ಸುಣ್ಣ ಬಳಿದ ಗೂಟಗಳನ್ನು ಹೊತ್ತಿದ್ದರು. ಬಳ್ಳಿಯ ಸಾಲು ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಹುಗಿದರು. ಒಂದು ಗೂಟ ನಮ್ಮ ರೊಟ್ಟಿ ಒಲೆಗೆ ತಾಗಿಕೊಂಡೇ ನಿಂತಿತು. ಮಿಲೂದನನ್ನೂ ಮಾವನನ್ನೂ ಆ ಸಲದ ಸುಗ್ಗಿಗೆ ಕರೆಯಲಿಲ್ಲ. ಅವರು ದೂರದ ತೋಟಗಳಿಗೆ ಕೂಲಿ ಹುಡುಕಿಕೊಂಡು ಹೋಗಿ, ಒಮ್ಮೆ ಕೆಲಸ ಸಿಕ್ಕಿ, ಒಮ್ಮೆ ಸಿಗದೆ ಬರುತ್ತಿದ್ದರು. ಅತ್ತೆ, ಬದ್ರಾ, ನಾನು ಜೊಂಡಿನ ಚಾಪೆಯ ಮೇಲೆ ಅಂಜೂರ ಒಣಗಿಸಿದೆವು. ಯಾರಾದರೂ ದಾರಿಯಲ್ಲಿ ಹೋದರೆ ಸಾಕು, ಮೂವರೂ ತಲೆಯೆತ್ತಿ ಇವರು ಏನು ಮಾತಾಡಿಕೊಂಡರೋ ಎಂದು ನೋಡುತ್ತಿದ್ದೆವು.

ದ್ರಾಕ್ಷಿಯ ಕೊನೆಯ ಗಾಡಿ ಹೋದ ದಿನ ಖೈರಾ ಬಂದಳು. ಕೂರದೆ ನಿಂತು ಅಂಗಳವನ್ನೆಲ್ಲ ಕಣ್ಣಾಡಿಸಿದಳು. ಒಲೆಯ ಪಕ್ಕದ ಗೂಟದ ಹತ್ತಿರ ಅವಳ ಕಣ್ಣು ನಿಂತಿತು.

"ಏನಿದು?"

ಅತ್ತೆ ಎಲ್ಲವನ್ನೂ ಹೇಳಿದರು. ಜಗಲಿ, ಡಬ್ಬಿ ಹಾಲು, ಭಾನುವಾರ. ಏನನ್ನೂ ಬಿಡಲಿಲ್ಲ, ಏನನ್ನೂ ಸೇರಿಸಲಿಲ್ಲ. "ನಿಂಗೆ ಬೇಕಾದ ಸಾಕ್ಷಿ ಸಿಗ್ಲಿಲ್ಲ ಬೀಗಿತ್ತಿ. ಇಲ್ಲ ಅಂದ್ಬಿಟ್ಲು."

"ಇಲ್ಲ ಅಂದ್ಳಾ?"

"ಅಂದ್ಲು."

"ಇಲ್ಲ ಅಂದೋಳು ಅಷ್ಟಕ್ಕೆ ಸುಮ್ನಿರ್ಬೇಕಿತ್ತು." ಖೈರಾ ಈಗ ಕೂತಳು. "ಆಳಿನ ಹೆಂಗ್ಸು ಒಬ್ಳು ಸುಳ್ಳು ಹೇಳಿದ್ರೆ ದೊಡ್ಡವ್ರು ನಕ್ಕು ಬಿಡ್ತಾರೆ. ಬೈದು ಕಳಿಸ್ತಾರೆ. ಸುಳ್ಳಿಗೋಸ್ಕರ ಯಾರಾದ್ರೂ ಮನೆ ಕೆಡವ್ತಾರಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರು ನೋಡು." ಬಾಗಿ ಗೂಟವನ್ನು ಎರಡೂ ಕೈಯಿಂದ ಹಿಡಿದು ಅಲುಗಿಸಿದಳು. ಅದು ಬರಲಿಲ್ಲ. "ಏ ಹುಡುಗಿ, ಬಂದು ಕೈ ಹಾಕು."

ಬದ್ರಾ ಹೋಗಿ ಕೈ ಹಾಕಿದಳು. ಇಬ್ಬರೂ ಎಳೆದರು. ಕಿತ್ತು ಬಂದಾಗ ಖೈರಾ ಹಿಂದಕ್ಕೆ ಮುಗ್ಗರಿಸಿ ಅಂಜೂರದ ಚಾಪೆಯ ಮೇಲೆ ಕೂತುಬಿಟ್ಟಳು. ಬದ್ರಾ ನಗು ತಡೆಯಲಾರದೆ ಮುಖ ತಿರುಗಿಸಿದಳು.

"ನಗು, ನಗು. ಅತ್ತೆ ಬಿದ್ರೆ ನಗೋ ಸೊಸೆ ಮೊದ್ಲೇ ಸಿಕ್ಕಿದ್ಲು." ಖೈರಾ ತನ್ನ ಹೊದಿಕೆಯೊಳಗೆ ಕೈ ಹಾಕಿ ಗೋರಂಟಿಯ ಗಂಟನ್ನು ತೆಗೆದು ಬದ್ರಾಳ ಮಡಿಲಿಗೆ ಹಾಕಿದಳು. ಹೊದಿಕೆಯೊಳಗೆ ಅದಿದ್ದ ಜಾಗಕ್ಕೆ ಗೂಟವನ್ನು ಸೇರಿಸಿದಳು. "ಇದು ಮೌಲ್ವಿಗೆ. ಇನ್ನೊಬ್ಳು ಸಾಕ್ಷಿ ಕೇಳಿದ್ರಲ್ಲ, ಕೇಳ್ಲಿ ಇದನ್ನ."

ಮೌಲ್ವಿ ಏನು ಹೇಳಿದರೋ ನಮಗೆ ಪೂರ್ತಿ ಗೊತ್ತಾಗಲಿಲ್ಲ. ಖೈರಾಳ ಮೈದುನಂದಿರು ಮದುವೆಗೆ ಬಂದು ಉಂಡು ಹೋದರು, ಅದಂತೂ ಗೊತ್ತು.

ಮದುವೆಯಾಗಿ ವಾರ ಕಳೆದ ಮೇಲೆ ಗುಡಿಸಲು ಬಿಟ್ಟೆವು. ತಯ್ಯಬ್ ತಾನೇ ಮಾಡಿದ ಗಾಡಿ ತಂದ, ಸಾಮಾನು ಕಟ್ಟಲು ಬದ್ರಾ, ಖೈರಾ, ಅವರ ಹಳ್ಳಿಯ ಕೆಲವು ಹೆಂಗಸರೂ ಬಂದಿದ್ದರು. ಹಳ್ಳದಾಚೆ ಅವನ ಕೊಟ್ಟಿಗೆಯ ಪಕ್ಕದಲ್ಲಿ ನಮಗೆ ಚಳಿಗಾಲಕ್ಕೆ ಒಂದು ಜಾಗ ಮಾಡಿದ್ದರು. ಮಾವ ಮರಗಳ ಕಡೆ ತಿರುಗಿ ನೋಡದೆ ಗಾಡಿಯ ಮುಂದೆ ನಡೆದರು. ಅಪ್ಪ ಮಗನ ನಡುವೆ ಮೊದಲೇ ಮಾತಾಗಿತ್ತು, ಕಡ್ಡಿ ಕಡಿಯುವ ಕಾಲ ಬಂದಾಗ ಮಿಲೂದ್ ರಾತ್ರಿಯಾದರೂ ಬಂದು ತರಬೇಕೆಂದು.

ಎಲೆ ಕೆಂಪಾಗುತ್ತಿದ್ದ ಬಳ್ಳಿಗಳ ನಡುವಿನ ದಾರಿಯಲ್ಲಿ ರೆಮಿ ಎದುರಾದ. ಕುದುರೆಯನ್ನು ಅಂಚಿಗೆ ನಿಲ್ಲಿಸಿಕೊಂಡು ನಿಂತಿದ್ದ. ಬೇಕೆಂದೇ ನಿಂತಿದ್ದನೋ, ಹಾದು ಹೋಗುವವನೋ, ಇವತ್ತಿಗೂ ನಮ್ಮ ಮನೆಯಲ್ಲಿ ಆ ಮಾತಿಗೆ ಜಗಳವಾಗುತ್ತದೆ. ಹಿಂದೆ ಬರುತ್ತಿದ್ದ ಹಳ್ಳಿಯ ಹೆಂಗಸರು ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡರು. ಖೈರಾ ಎಳೆದುಕೊಂಡಳು. ನಾನೂ ಎಳೆದುಕೊಂಡೆ, ಒಂದು ಕಣ್ಣಿಗಷ್ಟು ಬಿಟ್ಟು. ಅತ್ತೆ ಎಳೆದುಕೊಳ್ಳಲಿಲ್ಲ.

ಗಾಡಿಯ ಮೇಲೆ ಹಾಸಿಗೆಯ ಸುರುಳಿಗೆ ಒರಗಿ ಬದ್ರಾ ಕೂತಿದ್ದಳು. ಕೈಯ ಗೋರಂಟಿ ಇನ್ನೂ ಮಾಸಿರಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲಿದೆಯೆಂದು ಗೊತ್ತಾಗಿ ಅವಳ ಕೈ ತಾನಾಗಿ ಹೊದಿಕೆಯ ಅಂಚಿಗೆ ಹೋಯಿತು. ಬೇಸಿಗೆಯೆಲ್ಲ ಮುಚ್ಚಿಕೋ ಮುಚ್ಚಿಕೋ ಎಂದು ಗದರಿದ್ದ ಮಿಲೂದ್ ಚಕ್ರದ ಪಕ್ಕದಲ್ಲೇ ನಡೆಯುತ್ತಿದ್ದ. ತಲೆಯೆತ್ತದೆಯೇ ಅಂದ:

"ಬಿಡು. ಮುಚ್ಕೋಬೇಡ."

ಅವಳು ಕೈಬಿಟ್ಟಳು. ಗಾಡಿ ರೆಮಿಯ ಮುಂದೆ ಹಾದುಹೋಗುವಷ್ಟು ಹೊತ್ತೂ ಬರೀ ಮುಖದಲ್ಲಿ ಅವನನ್ನೇ ನೋಡಿದಳು. ಅವನು ಟೋಪಿಯ ಅಂಚನ್ನು ಹಿಡಿದು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡ.